ನೀಲಿ ಹಿಡಿಕೆಯ ಕತ್ತರಿ

ನಿನ್ನ ಜಡೆ ಕತ್ತರಿಸಿದ್ದು ನಾನು, ಬಸು. ನೀನಲ್ಲ.

ಇಷ್ಟು ಬರೆಯುವುದಕ್ಕೆ ನನಗೆ ಹದಿಮೂರು ವರ್ಷ ಬೇಕಾಯಿತು. ಬರೆದವಳೇ ಪೆನ್ನು ಕೆಳಗಿಟ್ಟು, ಒಲೆಯ ಮೇಲಿನ ಹಾಲು ನೋಡಬೇಕು ಅಂತ ಎದ್ದು ಹೋದೆ. ಒಲೆಯ ಮೇಲೆ ಹಾಲು ಇಟ್ಟೇ ಇರಲಿಲ್ಲ. ನಿನ್ನ ಅಮ್ಮ ಎಂಥ ಧೈರ್ಯವಂತೆ ಅನ್ನುವುದು ಇದರಲ್ಲೇ ತಿಳಿಯುತ್ತದೆ.

ನೀನೀಗ ದೋಣಿಮಲೈಯಲ್ಲಿ, ಸೋದರಮಾವನ ಕ್ವಾರ್ಟರ್ಸ್‌ನಲ್ಲಿ, ಹತ್ತನೇ ಪರೀಕ್ಷೆ ಮುಗಿಸಿದ ಖುಷಿಯಲ್ಲಿ ಹೊತ್ತೇರುವ ತನಕ ಮಲಗುತ್ತಿದ್ದೀಯ ಅಂತ ನಿಮ್ಮ ಅತ್ತೆಯ ದೂರು. ಭಾನುವಾರ ಹೊಸಪೇಟೆಗೆ ಬರುತ್ತೀಯ. ಸೋಮವಾರ ಹಂಪಿ. ಅದಕ್ಕೆ ಮೊದಲು ಇದು ನಿನ್ನ ಕೈಗೆ ಸೇರಬೇಕು. ಫೋನಿನಲ್ಲೇ ಹೇಳಬಹುದಿತ್ತು — ಆದರೆ ಫೋನಿನಲ್ಲಿ ನೀನು 'ಹ್ಞೂಂ ಅಮ್ಮ, ಹ್ಞೂಂ ಅಮ್ಮ' ಅನ್ನುತ್ತ ಏನೋ ಮೆಲ್ಲುತ್ತಿರುತ್ತೀಯ. ಮೆಲ್ಲುತ್ತ ಕೇಳುವ ಮಾತಲ್ಲ ಇದು. ಎದುರಿಗೆ ಕೂರಿಸಿಕೊಂಡು ಹೇಳಬಹುದಿತ್ತು — ಆಗ ನೀನು ನನ್ನ ಮುಖ ನೋಡುತ್ತೀಯ. ನೀನು ನನ್ನ ಮುಖ ನೋಡುವ ಆ ಒಂದು ರೀತಿ ಇದೆಯಲ್ಲ, ಅದಕ್ಕೆ ನಾನು ಹೆದರುತ್ತೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಿನಗೆ ಆಗ ಮೂರು ವರ್ಷ ಎಂಟು ತಿಂಗಳು. ಬೆನ್ನಿನ ಅರ್ಧಕ್ಕೆ ಬರುವ ಜಡೆ. ನಿನ್ನ ಹುಟ್ಟುಗೂದಲು ಅದು, ಒಂದು ಎಳೆಗೂ ಕತ್ತರಿ ತಾಗಿಸಿರಲಿಲ್ಲ. ನಮ್ಮಲ್ಲಿ ಗಂಡುಮಗುವಿನ ಹುಟ್ಟುಗೂದಲನ್ನು ಹಾಗೇ ಬೆಳೆಸಿ, ಬೆಸ ವರ್ಷದಲ್ಲಿ ಜವಳ ಮಾಡುತ್ತಾರೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ, ಮೊದಲ ಕುಡಿಯನ್ನು ಅವನ ಕೈಯಿಂದಲೇ ತೆಗೆಸಿ, ಆಮೇಲೆ ತಲೆ ಬೋಳಿಸಿ, ಕೂದಲನ್ನು ದೇವರಿಗೆ ಒಪ್ಪಿಸಿ ಹೊಳೆಗೆ ಬಿಡುತ್ತಾರೆ. ನಿನಗೆ ಮೂರನೇ ವರ್ಷದಲ್ಲೇ ಆಗಬೇಕಿತ್ತು. ಅಷ್ಟರಲ್ಲಿ ಕಂಪ್ಲಿಯಲ್ಲಿ ನಿನ್ನ ತಾತ ತೀರಿಕೊಂಡರು. ಆ ವರ್ಷ ಮನೆಯಲ್ಲಿ ಶುಭಕಾರ್ಯ ಇಲ್ಲ. ಅಜ್ಜಿ ನಮ್ಮ ಜೊತೆ ಇರಲು ಹೊಸಪೇಟೆಗೆ ಬಂದರು. 'ಐದಕ್ಕ ಮಾಡೋಣು, ಹಂಪಿ ಹೊಳಿದಂಡಿ ಮ್ಯಾಲೆ' ಅಂದರು. ಹಾಗೆ ಜಡೆ ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಅದು ಅಜ್ಜಿಯ ಆಸ್ತಿಯಾಯಿತು. ಗಂಡ ಹೋದ ದುಃಖವನ್ನು ಆಕೆ ಯಾರ ಮುಂದೆಯೂ ಹೇಳಿಕೊಂಡವರಲ್ಲ. ಬೆಳಿಗ್ಗೆ ಎದ್ದು ನಿನ್ನನ್ನು ಎರಡು ಮೊಣಕಾಲ ನಡುವೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದು, ತುದಿಗೆ ಒಂದು ತುಂಡು ಕನಕಾಂಬರ ಸಿಕ್ಕಿಸುವ ಹೊತ್ತಿಗೆ ಆಕೆಯ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ನೀನೋ, ಓಡಾಡುವಾಗ ಆ ಜಡೆ ಹಿಡಿದುಕೊಂಡೇ ಓಡುತ್ತಿದ್ದೆ, ಎಲ್ಲಿ ಬಿದ್ದುಹೋಗುತ್ತದೋ ಅನ್ನುವವನ ಹಾಗೆ.

ಇನ್ನು ಶಾಲೆಯ ವಿಷಯ. ಎಲ್ಲದರ ಬೇರು ಇರುವುದು ಅಲ್ಲೇ.

ನಿನ್ನನ್ನು ನರ್ಸರಿಗೆ ಸೇರಿಸಬೇಕು ಅಂತ ಆ ವರ್ಷ ನಾನು ಒಂದು ನೋಟ್‌ಬುಕ್ ಹಿಡಿದು ಊರೆಲ್ಲ ಸುತ್ತಿದೆ. ನಿಮ್ಮಪ್ಪ, 'ಯಾವ್ದರ ಒಂದು ಸಾಲಿ ಹಾಕು ಮಾರಾಯ್ತಿ, ಎಲ್ಲಾ ಕಡಿ ಅದ ಅ ಆ ಇ ಈ' ಅಂದು ಅಂಗಡಿಗೆ ಹೋಗಿಬಿಟ್ಟರು. ನಾನು ನಾಲ್ಕು ಶಾಲೆ ನೋಡಿದೆ. ಮನೆಯ ಹತ್ತಿರದ್ದರಲ್ಲಿ ಆಟಕ್ಕೆ ಜಾಗವಿಲ್ಲ. ಇನ್ನೊಂದರಲ್ಲಿ ಮೂರು ವರ್ಷದ ಕೂಸುಗಳ ಕೈಗೆ ಪೆನ್ಸಿಲ್ ಕೊಟ್ಟು ಸಾಲಾಗಿ ಕೂರಿಸಿದ್ದರು. ಮತ್ತೊಂದರ ವ್ಯಾನು ಕಮಲಾಪುರದ ತನಕ ಸುತ್ತಿಕೊಂಡು ಬರುತ್ತಿತ್ತು. ಹೀಗೆ ಎಲ್ಲಕ್ಕೂ ಒಂದೊಂದು ಕೊಂಕು ಬರೆದಿಟ್ಟೆ. ಕೊನೆಗೆ ಗಂಡುಮಕ್ಕಳ ಶಾಲೆ. ಆ ಪುಟದಲ್ಲಿ ಬರೀ ಹೊಗಳಿಕೆ: ನರ್ಸರಿಗೆ ಬೇರೆಯೇ ಕಟ್ಟಡ, ಅಂಗಳದಲ್ಲಿ ಮರಳಿನ ಗುಂಡಿ, ಮಕ್ಕಳ ಎತ್ತರಕ್ಕೇ ಕೈತೊಳೆಯುವ ನಲ್ಲಿ, ಮಣ್ಣು ಕಲಸೋಕೆ ಬಿಡುತ್ತಾರೆ, ಕಥೆ ಹೇಳುವುದಕ್ಕೇ ಒಬ್ಬ ಟೀಚರ್, ಒಮ್ಮೆ ಸೇರಿದರೆ ಹತ್ತನೇ ತನಕ ಚಿಂತೆಯಿಲ್ಲ. ಎಲ್ಲವೂ ನಿಜ. ಒಂದನ್ನೂ ನಾನು ಕಟ್ಟಿ ಹೇಳಲಿಲ್ಲ.

ಆದರೆ ನೋಟ್‌ಬುಕ್ಕಿನಲ್ಲಿ ಬರೆಯದ ಕಾರಣ ಒಂದಿತ್ತು.

ನಾನು ಬಂಡ್ರಿಯವಳು. ನಿನ್ನ ಸೋದರಮಾವ — ನನ್ನ ಅಣ್ಣ — ಓದಿದ್ದು ಇದೇ ಶಾಲೆಯಲ್ಲಿ. ನಮ್ಮಪ್ಪ ಅವನನ್ನು ಹೊಸಪೇಟೆಯಲ್ಲಿ ನೆಂಟರ ಮನೆಯಲ್ಲಿಟ್ಟು ಓದಿಸಿದರು. ನಾನು ಊರ ಶಾಲೆ, ಆಮೇಲೆ ಸಂಡೂರಿಗೆ ಬಸ್ಸು. ಲೆಕ್ಕದಲ್ಲಿ ಅವನಿಗಿಂತ ನಾನು ಚುರುಕು. ಇದನ್ನು ಅವನೂ ಒಪ್ಪುತ್ತಾನೆ, ಬೇಕಾದರೆ ಈಗಲೇ ಕೇಳು. ಒಂದು ಸಲ ಅಪ್ಪನ ಜೊತೆ ಅವನನ್ನು ನೋಡೋಕೆ ಬಂದಿದ್ದೆ, ಶೇಂಗಾ ಉಂಡೆಯ ಡಬ್ಬಿ ಹಿಡಿದುಕೊಂಡು. ಗೇಟಿನ ಹತ್ತಿರ ಕಾವಲಿನವನು ಅಪ್ಪನನ್ನು ಬಿಟ್ಟ, ನನ್ನನ್ನು ಬಿಡಲಿಲ್ಲ. 'ಹೆಣ್ಮಕ್ಳು ಇಲ್ಲೇ ನಿಲ್ಲಬೇಕು' ಅಂದ. ಬೇವಿನ ಮರದ ಕೆಳಗೆ ಡಬ್ಬಿ ಹಿಡಿದು ನಿಂತೆ. ಕಂಬಿಗಳ ಸಂದಿಯಿಂದ ಉದ್ದ ಪಡಸಾಲೆ ಕಾಣುತ್ತಿತ್ತು, ಅಲ್ಲೊಬ್ಬ ಹುಡುಗ ಭೂಪಟ ಸುತ್ತಿಕೊಂಡು ಹೋಗುತ್ತಿದ್ದ. ಅಷ್ಟೇ ನೋಡಿದ್ದು. ಆ ಪಡಸಾಲೆಯ ಮೇಲೆ ಒಮ್ಮೆ ನಡೆಯಬೇಕು ಅನ್ನುವ ಆಸೆ ಮಾತ್ರ ಮದುವೆಯಾಗಿ, ನೀನು ಹುಟ್ಟಿದ ಮೇಲೂ ಹೋಗಲಿಲ್ಲ.

ಅಂದರೆ ನಿನಗೆ ಶಾಲೆ ಹುಡುಕಿದೆ ಅಂದುಕೊಂಡೆನಲ್ಲ — ಎಷ್ಟು ನಿನಗೆ, ಎಷ್ಟು ನನಗೆ... ಈಗಲೂ ಬಿಡಿಸಿ ಹೇಳಲಾರೆ.

ದಾಖಲಾತಿಗೆ ಕರೆದ ದಿನ ನಿನಗೆ ಹೊಸ ಅಂಗಿ ಹಾಕಿಸಿದೆ. ಅಜ್ಜಿ ಎಂದಿನಂತೆ ಜಡೆ ಹೆಣೆದು ಹೂ ಸಿಕ್ಕಿಸಿದ್ದರು. ಗೇಟಿಗೆ ಬಂದೆವು. ಹಳೆಯ ಕಾವಲಿನವನಲ್ಲ, ಬೇರೆಯವನು. ನಿನ್ನನ್ನು ನೋಡಿದ, ನನ್ನನ್ನು ನೋಡಿದ, ತುಂಬ ಮರ್ಯಾದೆಯಿಂದಲೇ ಹೇಳಿದ:

'ಇದು ಗಂಡುಮಕ್ಳ ಸಾಲಿರಿ ಅಮ್ಮಾರೆ. ಹೆಣ್ಮಕ್ಳದು ಹಿಂದಿನ ರೋಡಿಗೈತ್ರಿ.'

ಪಾಪ, ಅವನದೇನು ತಪ್ಪು? ನೀನು ಅಂದು ನಿಜಕ್ಕೂ ಹುಡುಗಿಯ ಹಾಗೇ, ಅದೂ ಚೆಂದದ ಹುಡುಗಿಯ ಹಾಗೇ ಕಾಣುತ್ತಿದ್ದೆ. ಬೇರೆ ಯಾರಾದರೂ ಆಗಿದ್ದರೆ ನಕ್ಕು, 'ಹುಡುಗನೇ ಅಪ್ಪಾ, ಜವಳ ಆಗಿಲ್ಲ' ಅಂದು ಒಳಗೆ ಹೋಗುತ್ತಿದ್ದರು. ನನಗೆ ನಗು ಬರಲಿಲ್ಲ. ಅದೇ ಗೇಟು, ಅದೇ ಬೇವು, ಎರಡನೇ ಸಲ ಅದೇ ಮಾತು. ನಿನ್ನ ಜಡೆಯ ಹೂವನ್ನು ಕಿತ್ತು ಪರ್ಸಿಗೆ ಹಾಕಿದೆ. 'ನನ್ ಹೂವಾ' ಅಂತ ನೀನು ಅಳೋಕೆ ಶುರುಮಾಡಿದೆ.

ಒಳಗೆ ನರ್ಸರಿಯ ಟೀಚರ್ ಒಬ್ಬರು ನಿನ್ನನ್ನು ಮಾತಾಡಿಸಿದರು. ಆನೆಯ ಚಿತ್ರ ತೋರಿಸಿ ಏನಿದು ಅಂದರೆ, 'ಹಂಪಿ ಆನಿ. ಬಾಳಿಹಣ್ಣು ಕೊಟ್ರ ತಲಿ ಮ್ಯಾಲೆ ಸೊಂಡ್ಲ ಇಡ್ತೈತಿ' ಅಂದು, ನನ್ನ ಕೈಯೆತ್ತಿ ನಿನ್ನ ತಲೆಯ ಮೇಲೆ ಇಟ್ಟುಕೊಂಡು ತೋರಿಸಿದೆ. ಟೀಚರ್ ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ನಿನ್ನ ಸೀಟು ಗಟ್ಟಿಯಾಯಿತು. ಹೊರಡುವಾಗ ಒಂದು ಹಾಳೆ ಕೊಟ್ಟರು. ಕರಿ ಬೂಟು, ಎರಡು ಜೊತೆ ಬಟ್ಟೆ, ಕರವಸ್ತ್ರ, ಕೆಳಗೆ ಒಂದು ಸಾಲು: ಮಕ್ಕಳ ತಲೆಗೂದಲು ಚಿಕ್ಕದಾಗಿ ಕತ್ತರಿಸಿರಬೇಕು.

ಒಂದು ಮಾತು ಕೇಳಬಹುದಿತ್ತು. 'ಜವಳ ಆಗೋ ತನಕ ಬಿಡ್ತೀರಾ?' ಅಷ್ಟೇ. ಟೀಚರ್ ಎದುರಿಗೇ ಇದ್ದರು, ಇನ್ನೂ ನಗುತ್ತಲೇ ಇದ್ದರು. ಕೇಳಿದರೆ ಬಂಡ್ರಿಯಿಂದ ಬಂದವಳು, ಹರಕೆ ಮುಡಿ ಅಂತ ಹಳೇಕಾಲದವಳು ಅಂದುಕೊಳ್ಳುತ್ತಾರೆ — ಹೀಗೆಲ್ಲ ಯೋಚಿಸಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಬಂದುಬಿಟ್ಟೆ.

ಮನೆಯಲ್ಲಿ ಅಜ್ಜಿ ಶಾಲೆ ಬೇಡ ಅನ್ನಲಿಲ್ಲ. ಇದನ್ನು ನೀನು ಮರೆಯಬಾರದು. 'ಹಾಕ್ರಿ, ಚೊಲೊ ಸಾಲಿ. ಜಡಿ ಒಂದು ಮುಟ್ಟಬ್ಯಾಡ್ರಿ' ಅಂದರು. ಹಾಳೆಯ ವಿಷಯ ಹೇಳಿದಾಗ, 'ನಾನ ಬಂದು ಕೇಳ್ಲೇನು ಆ ಟೀಚರಮ್ಮನ್ನ? ಆಕಿನೂ ಮಕ್ಕಳ ತಾಯಿ ಅಲ್ಲೇನು' ಅಂದರು. ನಾನು, 'ಬ್ಯಾಡ್ರಿ ಅತ್ತಿ, ನಾನ ಕೇಳ್ತೀನಿ' ಅಂದೆ. ಕೇಳಲಿಲ್ಲ. ಮಾಸಿದ ಇಳಕಲ್ ಸೀರೆಯ ಅತ್ತೆಯನ್ನು ಆ ಪಡಸಾಲೆಯ ಮೇಲೆ ನಡೆಸಿಕೊಂಡು ಹೋಗೋಕೆ ನನಗೆ ನಾಚಿಕೆಯಾಯಿತು. ಆಗ ನಾಚಿದೆನಲ್ಲ, ಅದಕ್ಕೆ ಈಗ ನಾಚಿಕೆಯಾಗುತ್ತದೆ.

ಶಾಲೆ ಶುರುವಾಗೋಕೆ ಒಂದು ವಾರ ಇರುವಾಗ ಅಜ್ಜಿ ಒಂದು ಮದುವೆಗೆ ಅಂತ ಕಂಪ್ಲಿಗೆ ಹೋದರು, ನಿಮ್ಮಪ್ಪ ಅಂಗಡಿಯ ಸರಕಿಗೆ ಅಂತ ಊರು ಬಿಟ್ಟಿದ್ದರು. ಮೂರು ದಿನ. ಎರಡನೇ ದಿನದ ಮಧ್ಯಾಹ್ನ ನಿನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಕೈಗೊಂದು ಬಾಳೆಹಣ್ಣು ಕೊಟ್ಟೆ. ನಾನು ರವಿಕೆ ಹೊಲಿಯುವಾಗ ಬಳಸುವ ಕತ್ತರಿ, ಭಾರದ್ದು, ಪೂರಾ ಕಪ್ಪು. ಜಡೆಯನ್ನು ಬುಡದಲ್ಲಿ ಹಿಡಿದೆ. ಅದು ಒಂದೇ ಸಲಕ್ಕೆ ತುಂಡಾಗಲಿಲ್ಲ. ಮೂರು ನಾಲ್ಕು ಸಲ ಒತ್ತಬೇಕಾಯಿತು. ನೀನು ಅಳಲಿಲ್ಲ, ಮಿಸುಕಲಿಲ್ಲ. ಹಣ್ಣು ತಿನ್ನುತ್ತ ಒಂದೇ ಮಾತು ಕೇಳಿದೆ:

'ಅಮ್ಮ, ಅಜ್ಜಿ ಬೈತಾಳ?'

'ಇಲ್ಲ, ಬೈಯೋದಿಲ್ಲ' ಅಂದೆ.

ಆಮೇಲೆ ನಮ್ಮ ಓಣಿಯದಲ್ಲದ ಒಂದು ಸಲೂನಿಗೆ ಕರೆದುಕೊಂಡು ಹೋಗಿ ಸಮ ಮಾಡಿಸಿದೆ. ಕನ್ನಡಿಯಲ್ಲಿ ನಿನ್ನನ್ನು ನೀನೇ ನೋಡಿ, 'ಇವ ಯಾರು?' ಅಂದೆ. ನಾನು ನಕ್ಕೆ. ದೇವರಾಣೆ, ನಕ್ಕೆ. ಎಷ್ಟು ಮುದ್ದಾಗಿ ಕಾಣುತ್ತಿದ್ದೆ ಅಂದರೆ, ಮಾಡಿದ್ದೆಲ್ಲ ಸರಿ ಅಂತಲೇ ಅನ್ನಿಸಿಬಿಟ್ಟಿತ್ತು.

ಅತ್ತೆಗೆ ಏನು ಹೇಳಬೇಕು ಅಂತ ನಾನು ಯೋಚಿಸಿಯೇ ಇಟ್ಟಿದ್ದೆ. ಶಾಲೆಯವರು ಒಪ್ಪಲಿಲ್ಲ, ನಾನೇ ಕತ್ತರಿಸಿದೆ, ಬೈಯಿರಿ ಅಂತ. ಹೌದು, ಹಾಗೇ ಹೇಳಬೇಕು ಅಂತಲೇ ಇದ್ದೆ. ಮರುದಿನ ಅಜ್ಜಿ ಕಂಪ್ಲಿ ಬಸ್ಸಿನಿಂದ ಇಳಿದು, ಮದುವೆಯ ಬುಂದಿ ಪೊಟ್ಟಣ ಹಿಡಿದು ಬಂದರು. ನೀನು ಓಡಿಹೋಗಿ ಕಾಲಿಗೆ ತೆಕ್ಕೆ ಬಿದ್ದೆ. ಅವರ ಕೈ ಅಭ್ಯಾಸದಂತೆ ನಿನ್ನ ಬೆನ್ನ ಮೇಲೆ ಜಡೆ ಹುಡುಕಿತು. ಅಲ್ಲಿಂದ ಮೇಲೆ ಹೋಯಿತು, ಕತ್ತು, ತಲೆ. ಪೊಟ್ಟಣ ಕೈಯಿಂದ ಬಿತ್ತು. ಅವರು ಬೈಯಲಿಲ್ಲ, ಕಿರುಚಲಿಲ್ಲ. ನನ್ನ ಕಡೆ ನೋಡಿದರು. ಆ ನೋಟಕ್ಕೆ ಉತ್ತರವಾಗಿ ನನ್ನ ಬಾಯಿಂದ ಬಂದದ್ದು ಇದು:

'ಅವನ ಕತ್ತರಿಸ್ಕೊಂಬಿಟ್ಟಾನ್ರಿ ಅತ್ತಿ. ನಾ ಬಟ್ಟಿ ಒಗಿಯಾಕ ಹೋಗಿದ್ದೆ...'

ಎಲ್ಲಿಂದ ಬಂತು ಆ ಮಾತು? ಇಷ್ಟು ವರ್ಷ ಹುಡುಕಿದ್ದೇನೆ. ಅಜ್ಜಿ ಕುಕ್ಕರಗಾಲಲ್ಲಿ ಕೂತು ನಿನ್ನ ಎರಡೂ ಕೆನ್ನೆ ಹಿಡಿದು, 'ಹೌದೇನಪ್ಪಾ?' ಅಂದರು.

ನೀನು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದೆ. ಮೂರು ವರ್ಷದ ಮಗು, ಅಮ್ಮ ಹೇಳಿದ ಮೇಲೆ ಹಾಗೇ ಇರಬೇಕು ಅನ್ನುವಂತೆ, ನನ್ನ ಮುಖದಲ್ಲಿ ಉತ್ತರ ಹುಡುಕಿದೆ. ಆಮೇಲೆ ಹೌದು ಅಂತ ತಲೆಯಾಡಿಸಿದೆ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ. ನಾನು ಒರೆಸಿದ್ದು ನನ್ನ ಸ್ವಂತ ಮರಿಯ ಬಾಯಿಗೆ. ಮರಿಯೋ, ಬಾಯಿ ಒಡ್ಡಿಕೊಂಡು ನಿಂತಿತ್ತು.

ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಶಾಲೆಗೆ ಸೇರಿದ ಮೊದಲ ತಿಂಗಳೇ ನಿನಗೆ ಜ್ವರ ಬಂತು, ಬಿಟ್ಟು ಬಿಟ್ಟು ಬಂತು. ನರ್ಸರಿಗೆ ಹೋಗುವ ಎಲ್ಲ ಮಕ್ಕಳಿಗೂ ಬರುವ ಜ್ವರ ಅಂತ ಡಾಕ್ಟರು ಅಂದರು. ಅಜ್ಜಿ ನಂಬಲಿಲ್ಲ. ಮಠದ ಅಯ್ಯನವರ ಹತ್ತಿರ ಹೋಗಿ ಕೇಳಿದರು. ಅಯ್ಯನವರು ಒಳ್ಳೆಯವರು, ಹೆದರಿಸಲಿಲ್ಲ. 'ಕೂಸು ತಿಳೀದ ಮಾಡೈತಿ. ಕತ್ತರಿಸಿದವರೇ ತಪ್ಪೊಪ್ಪಿಕೊಂಡು ಮುಡಿ ಕೊಡಬೇಕು. ಅದಕ್ಕ ಬುದ್ಧಿ ಬರಲಿ, ತಾನ ಬಂದು ಒಪ್ಪಿಸಲಿ, ತೀರ್ತು' ಅಂದರಂತೆ. ಅಜ್ಜಿ ಮನೆಗೆ ಬಂದು, ಬಾಗಿಲಲ್ಲೇ ಚಪ್ಪಲಿ ಕಳಚಿ, ಅದನ್ನು ಎತ್ತಿ ಅಟ್ಟದ ಮೇಲಿಟ್ಟರು. 'ಅಲ್ಲೀತನಕ ಹುಡುಗನ ಬದ್ಲಿ ನಾ ನಡಿತೀನಿ' ಅಂದರು.

ಹದಿಮೂರು ಬೇಸಿಗೆ, ಬಸು. ನಮ್ಮ ಊರಿನ ಬಿಸಿಲು ನಿನಗೆ ಗೊತ್ತು. ಡಾಂಬರಿಗೆ ಚಪ್ಪಲಿಯೇ ಅಂಟಿಕೊಳ್ಳುತ್ತದೆ. ನಿನ್ನನ್ನು ಶಾಲೆಗೆ ಬಿಡುವಾಗ ಒಂದು ಕೈಯಲ್ಲಿ ನಿನ್ನ ಟಿಫಿನ್ ಚೀಲ, ಇನ್ನೊಂದರಲ್ಲಿ ನೀನು, ನೆರಳಿಂದ ನೆರಳಿಗೆ ದಾಟುತ್ತ ನಡೆಯುತ್ತಿದ್ದರು. ನೀನು ನಿನ್ನ ಕರಿ ಬೂಟು ಬಿಚ್ಚಿ, 'ಅಜ್ಜಿ, ನೀ ಹಾಕ್ಕೋ' ಅನ್ನುತ್ತಿದ್ದೆ. ಅವರ ಹಿಮ್ಮಡಿ ಬಿರಿದು ರಕ್ತ ಬರುತ್ತಿತ್ತು. ಸಂಜೆ ನಾನು ಬಿಸಿನೀರಲ್ಲಿ ಅವರ ಕಾಲು ಇರಿಸಿ, ಉಜ್ಜಿ, ಮುಲಾಮು ಹಚ್ಚುತ್ತಿದ್ದೆ. 'ನನ್ ಸೊಸಿ ಬಂಗಾರ' ಅಂತ ಬಂದವರೆದುರು ಹೇಳುತ್ತಿದ್ದರು. ಆ ಕಾಲು ಹಿಡಿದುಕೊಂಡಿದ್ದಾಗ ಎಷ್ಟು ಸಲ ನಾಲಿಗೆಯ ತುದಿಗೆ ಬಂದಿತ್ತು ಅಂದರೆ... ಬಂದದ್ದು ಹಾಗೇ ಒಳಗೆ ಹೋಗುತ್ತಿತ್ತು. ಮೊದಲ ವರ್ಷ ಹೆದರಿಕೆ. ಎರಡನೇ ವರ್ಷ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ ಅನ್ನುವ ಹೆದರಿಕೆ. ಆಮೇಲೆ ಅದು ಮನೆಯ ಕಥೆಯೇ ಆಗಿಹೋಯಿತು.

ಕಥೆ ಅಂದರೆ ಎಂಥದ್ದು! ಅಜ್ಜಿ ನಿನಗೆ 'ಕತ್ತರಿ' ಅಂತ ಹೆಸರಿಟ್ಟರು. 'ನಮ್ ಕತ್ತರಿ ಎಲ್ಲಿ? ಕತ್ತರಿ ಉಂಡಾನೇನು?' ಸಿಟ್ಟಿನಿಂದಲ್ಲ, ಮುದ್ದಿನಿಂದ. ನೀನೂ ಅದನ್ನು ಮೆಡಲಿನ ಹಾಗೆ ಹಾಕಿಕೊಂಡೆ. ಬಂದ ನೆಂಟರ ಮುಂದೆಲ್ಲ ನಿಂತು, ಕನ್ನಡಿ ಮುಂದೆ ಹೇಗೆ ನಿಂತೆ, ಜಡೆ ಹೇಗೆ ಹಿಡಿದೆ, ಕಚಕ್ ಅಂತ ಹೇಗೆ ಕತ್ತರಿಸಿದೆ ಅಂತ ಅಭಿನಯ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗುವಾಗ ನಾನು ಒಳಗೆ ಚಹಾ ಸೋಸುತ್ತಿದ್ದೆ.

ನಾಲ್ಕನೇ ತರಗತಿಯಲ್ಲಿ ಒಂದು ಪ್ರಬಂಧ ಬರೆದೆಯಲ್ಲ, 'ನಾನು ಮಾಡಿದ ಒಂದು ತಪ್ಪು' ಅಂತ. ಅದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ನಿನ್ನಿಂದಲೇ ಓದಿಸಿದರು. 'ನನ್ನ ಕೈಯಲ್ಲಿ ನೀಲಿ ಹಿಡಿಕೆಯ ಕತ್ತರಿ ಇತ್ತು. ನಾನು ನನ್ನ ಜಡೆಯನ್ನು ಕತ್ತರಿಸಿದೆನು. ಅದಕ್ಕಾಗಿ ನನ್ನ ಅಜ್ಜಿ ಬರಿಗಾಲಿನಲ್ಲಿ ನಡೆಯುತ್ತಾರೆ. ನಾನು ದೊಡ್ಡವನಾದ ಮೇಲೆ ಅವರಿಗೆ ಚಪ್ಪಲಿ ಹಾಕಿಸುತ್ತೇನೆ.' ಚಪ್ಪಾಳೆ ನಿಲ್ಲಲೇ ಇಲ್ಲ. ನಾನೂ ತಟ್ಟಿದೆ. ನೀಲಿ ಹಿಡಿಕೆ ಎಲ್ಲಿಂದ ಬಂತು ಅಂತ ಯೋಚಿಸುತ್ತ ತಟ್ಟಿದೆ. ನಾನು ಸುಳ್ಳು ಹೇಳಿದ್ದೆ ಅಷ್ಟೇ. ನೀನು ಅದಕ್ಕೆ ಬಣ್ಣ ಹುಡುಕಿ, ನೆನಪು ಮಾಡಿಕೊಂಡು, ಒಳಗೆ ಇಟ್ಟುಕೊಂಡುಬಿಟ್ಟಿದ್ದೆ.

ಅಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಅದೇ ನರ್ಸರಿ ಟೀಚರ್. ಕಣ್ಣೊರೆಸಿಕೊಂಡು ಅಂದರು: 'ಪಾಪ, ಕೂಸು ಕತ್ತರಿಸ್ಕೊಳ್ಳದಿದ್ರ ಜಡಿ ಹಾಕ್ಕೊಂಡ ಬರಬಹುದಿತ್ತು ನೋಡ್ರಿ. ವರ್ಷಕ್ಕ ಇಬ್ರು ಮೂವರು ಹಂಗ ಬರ್ತಾರ. ಜವಳ ಆಗೋತನಕ ನಾವು ರಬ್ಬರ್ ಹಾಕಿ ಕಟ್ಟಿ ಬಿಡ್ತೀವಿ.' ನಾನು ಹೌದಾ ಅಂದೆ. ಗೇಟಿನ ತನಕ ಬಂದು, ಬೇವಿನ ಮರಕ್ಕೆ ಕೈಯೂರಿ ಸ್ವಲ್ಪ ಹೊತ್ತು ನಿಂತೆ.

ಶಾಲೆಯ ಆಯ್ಕೆ ತಪ್ಪು ಅನ್ನಲಾರೆ. ಆ ಮರಳಿನ ಗುಂಡಿಯಲ್ಲಿ ನೀನು ತುಂಗಭದ್ರೆಗೆ ಡ್ಯಾಮು ಕಟ್ಟಿದೆ. ಮಣ್ಣಿನ ಉಂಡೆ ಜೇಬಲ್ಲಿಟ್ಟುಕೊಂಡು ಬಂದು, ಪ್ರಸಾದ ಅಂತ ಅಜ್ಜಿಗೆ ಕೊಟ್ಟೆ, ಅವರು ಕಣ್ಣಿಗೊತ್ತಿಕೊಂಡರು. ಆ ಶಾಲೆಯಲ್ಲೇ ನೀನು ಗೆಳೆಯನಿಗೋಸ್ಕರ ಅಳುವುದನ್ನು ಕಲಿತೆ, ಸೋತು ನಗುವುದನ್ನು ಕಲಿತೆ. ಶಾಲೆ ಒಳ್ಳೆಯದೇ. ಅಲ್ಲಿಗೆ ನಿನ್ನನ್ನು ಸೇರಿಸಿದವಳು ಮಾತ್ರ, ಒಂದು ಪ್ರಶ್ನೆ ಕೇಳೋಕೆ ಆಗದೆ ಕತ್ತರಿ ಎತ್ತಿಕೊಂಡಳು.

ಈಗ ಯಾಕೆ ಹೇಳುತ್ತಿದ್ದೇನೆ ಅಂತ ಕೇಳುತ್ತೀಯ. ಪರೀಕ್ಷೆ ಮುಗಿದ ದಿನ ನೀನು ಬಂದು ಅಜ್ಜಿಯ ಮುಂದೆ ನಿಂತು, 'ಅಜ್ಜಿ, ನನಗ ಬುದ್ಧಿ ಬಂದೈತಿ. ನಡಿ ಹಂಪಿಗೆ, ತಲಿ ಕೊಡ್ತೀನಿ' ಅಂದೆಯಲ್ಲ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸೋದರಮಾವ ಫೋನಿನಲ್ಲಿ, 'ಲೇ, ಈ ಕ್ವಾಣ ನನ್ ತೊಡಿ ಮ್ಯಾಲೆ ಕುಂತ್ರ ನನ್ ಕಾಲು ಉಳಿತೈತೇನಲೇ' ಅಂತ ರೇಗಿಸಿದ. ಎಲ್ಲರೂ ನಕ್ಕೆವು. ಆಮೇಲೆ ನೀನು ಅಡುಗೆಮನೆಗೆ ಬಂದು, ನೀರು ಕುಡಿದು, ಲೋಟ ಕೈಯಲ್ಲೇ ಹಿಡಿದುಕೊಂಡು ಹೇಳಿದೆ:

'ಅಮ್ಮ, ಅಜ್ಜಿ ಕಾಲು ನೋಡಿದ್ರ ನನಗ ನನ್ ಮ್ಯಾಲೇ ಸಿಟ್ಟು ಬರ್ತೈತಿ. ಸಣ್ಣಾವಿದ್ದಾಗಿಂದ.'

ನೀನು ನಗುತ್ತ ಹೇಳುತ್ತಿದ್ದ ಕಥೆಯ ಕೆಳಗೆ ಇದು ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೂ ಸುಳ್ಳೇನೋ. ಗೊತ್ತಾಗುವಷ್ಟು ಹತ್ತಿರ ಹೋಗಲಿಲ್ಲ.

ನೀನು ದೋಣಿಮಲೈಗೆ ಹೋದ ಮರುದಿನ ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಟ್ರಂಕಿನಿಂದ ನನ್ನ ಹಳೆಯ ಕಂಪಾಸ್ ಪೆಟ್ಟಿಗೆ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಸಂಡೂರಿನ ಹೈಸ್ಕೂಲಿನಲ್ಲಿ ಲೆಕ್ಕ ಮಾಡುತ್ತಿದ್ದ ಪೆಟ್ಟಿಗೆ ಅದು. ಅದರೊಳಗೆ ಸುರುಳಿ ಸುತ್ತಿದ ನಿನ್ನ ಜಡೆ ಇದೆ. ಬಿಸಾಕೋಕೆ ಮನಸ್ಸಾಗಲಿಲ್ಲ, ಹೊಳೆಗೆ ಬಿಡೋಕೆ ಧೈರ್ಯವಾಗಲಿಲ್ಲ, ಹಾಗಾಗಿ ಇಟ್ಟುಕೊಂಡಿದ್ದೆ. 'ನಾನ ಕತ್ತರಿಸಿದ್ದು ಅತ್ತಿ. ಅವನಲ್ಲ' ಅಂದೆ.

ಅವರು ಪೆಟ್ಟಿಗೆ ತೆಗೆದರು. ಜಡೆಯನ್ನು ಮೂಗಿನ ಹತ್ತಿರ ಹಿಡಿದರು. ಕೂದಲಿನ ಬಗ್ಗೆ ಒಂದು ಮಾತಾಡಲಿಲ್ಲ, ಹರಕೆಯ ಬಗ್ಗೆ ಆಡಲಿಲ್ಲ, ಹದಿಮೂರು ವರ್ಷ ಸುಟ್ಟುಕೊಂಡ ಕಾಲಿನ ಬಗ್ಗೆಯೂ ಆಡಲಿಲ್ಲ. ಕೇಳಿದ್ದು ಒಂದೇ:

'ಹುಡುಗನ ಮ್ಯಾಲೆ ಯಾಕ ಹಾಕ್ದಿ?'

ಗೇಟಿನ ಕಥೆ, ಬೇವಿನ ಮರ, ಶೇಂಗಾ ಉಂಡೆಯ ಡಬ್ಬಿ — ಅದೆಲ್ಲ ಜಡೆ ಕತ್ತರಿಸಿದ್ದಕ್ಕೆ ಕಾರಣ ಆದೀತು. ನಿನ್ನ ಮೇಲೆ ಹಾಕಿದ್ದಕ್ಕೆ ಕಾರಣವೇ ಇಲ್ಲ. ನೀನು ಸಣ್ಣವನಿದ್ದೆ, ತಿರುಗಿ ಮಾತಾಡುವುದಿಲ್ಲ ಅಂತ ಗೊತ್ತಿತ್ತು. ಅಷ್ಟೇ.

'ಮೊದ್ಲು ಅವನಿಗೆ ಹೇಳು. ಆಮ್ಯಾಲೆ ನನ್ ಕೂಡ ಮಾತಾಡು' ಅಂದು ಅಜ್ಜಿ ಮೊರ ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ನನ್ನನ್ನು ಮಾತಾಡಿಸಿಲ್ಲ. ಆದರೂ ನಿನ್ನೆ ಊಟಕ್ಕೆ ಕೂತಾಗ ನನ್ನ ತಟ್ಟೆಯ ಪಕ್ಕ ಮಜ್ಜಿಗೆ ಲೋಟ ಇತ್ತು, ಎಂದಿನ ಹಾಗೇ ಉಪ್ಪು ಕಡಿಮೆ ಹಾಕಿದ್ದು. ಅದನ್ನು ಕುಡಿಯುವುದು ನನಗೆ ಎಷ್ಟು ಕಷ್ಟವಾಯಿತು ಅಂತ ನಿನಗೆ ಹೇಗೆ ಹೇಳಲಿ.

ಆದ್ದರಿಂದ ಇದನ್ನು ಬರೆದೆ. ನಿಮ್ಮಪ್ಪನಿಗೂ ಹೇಳಿದ್ದೇನೆ. ಸೋದರಮಾವನಿಗೆ ನಾನೇ ಹೇಳುತ್ತೇನೆ. ತೊಡೆಯ ಮೇಲೆ ಅಳಿಯನನ್ನು ಕೂರಿಸಿಕೊಳ್ಳುವ ಭಾಗ್ಯವನ್ನು ಅವನಿಂದಲೂ ಕಿತ್ತುಕೊಂಡಿದ್ದೇನೆ. ಇಷ್ಟು ವರ್ಷ ಆ ಶಾಲೆ ಅವನಿಗೆ ಸಿಕ್ಕಿತು ಅಂತ ನಾನೇ ಅಸೂಯೆ ಪಟ್ಟಿದ್ದೆ.

ಸೋಮವಾರ ಹಂಪಿಗೆ ಹೋಗುತ್ತೇವೆ. ಕತ್ತರಿಸಿದವರೇ ಮುಡಿ ಕೊಡಬೇಕು ಅಂತಲ್ಲವೇ ಅಯ್ಯನವರು ಹೇಳಿದ್ದು? ಹೊಳೆದಂಡೆಯ ಕಲ್ಲಿನ ಮೇಲೆ ನಾನು ಕೂರುತ್ತೇನೆ. ಪೂರ್ತಿ ತಲೆಯೋ, ಒಂದು ಜಡೆಯೋ, ಅಜ್ಜಿ ಏನು ಹೇಳಿದರೆ ಅದು. ನಿನ್ನ ಹುಟ್ಟುಗೂದಲನ್ನು ಅವರ ಕೈಯಿಂದಲೇ ನೀರಿಗೆ ಬಿಡಿಸೋಣ. ಹೊಸ ಚಪ್ಪಲಿ ತಂದಿಟ್ಟಿದ್ದೇನೆ, ಆದರೆ ಹಾಕಿಕೊಳ್ಳಿ ಅನ್ನುವ ಅಧಿಕಾರ ನನಗಿಲ್ಲ. ದೊಡ್ಡವನಾದ ಮೇಲೆ ಹಾಕಿಸುತ್ತೇನೆ ಅಂದಿದ್ದವನು ನೀನು. ಬರಬೇಕು ಅನ್ನಿಸಿದರೆ ಬಾ. ಅನ್ನಿಸದಿದ್ದರೆ, ನನ್ನ ಮುಖ ನೋಡೋಕೆ ಆಗದಿದ್ದರೆ, ಮಾವನ ಮನೆಯಲ್ಲೇ ಇರು. ನಾನು ಕಾಯುತ್ತೇನೆ, ಎಷ್ಟು ದಿನ ಅಂತ ಕೇಳುವುದಿಲ್ಲ.

ಒಂದು ಮಾತು ಮಾತ್ರ ನೀನು ಈ ಹಾಳೆಯನ್ನು ಹರಿದು ಹಾಕಿದರೂ ನೆನಪಿಟ್ಟುಕೋ. ಅಂದು ನೀನು ಬಚ್ಚಲ ಕಲ್ಲಿನ ಮೇಲೆ ಸುಮ್ಮನೆ ಕೂತು ಬಾಳೆಹಣ್ಣು ತಿಂದೆ, ಅಜ್ಜಿ ಬೈಯುತ್ತಾಳೇನೋ ಅಂತ ಹೆದರಿದೆ, ಬೇರೇನೂ ಮಾಡಲಿಲ್ಲ. ನೀಲಿ ಹಿಡಿಕೆಯ ಕತ್ತರಿ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ.